ಲಿನಕ್ಸ್ ವಿಎಂ (ವರ್ಚುವಲ್ ಮಶೀನ್) ಒಳಗ ಬ್ಯಾಕಪ್ ಪ್ರೋಗ್ರಾಮಿಗೆ ಸೆಕೆಂಡಿಗೆ 5 ಎಂಬಿ ರೈಟ್ ಮಿತಿ ಹಾಕೋದು ಹ್ಯಾಂಗ?

ಬ್ಯಾಕಪ್ ಶುರುವಾದ್ರ ಡೇಟಾಬೇಸ್ ನಿಂತುಬಿಡ್ತದ, ಡಿಸ್ಕಿನ ಸರದಿ ಹಚ್ಚೋ ಅಯೋನೈಸ್ ಕಮಾಂಡ್ ಹಚ್ಚಿದ್ರೂ ಫರಕ್ ಇಲ್ಲ ಅಂತ ಬರ್ದೀರಿ. ಕಲಬುರಗಿಯ ಒಂದು ದಾಲ್ ಮಿಲ್ಲಿನ ಸರ್ವರಿನಾಗ ಇದೇ ಆಗಿತ್ತು. ತೊಗರಿ ಸುಗ್ಗಿ, ಹೊರಗ ಗಾಡಿ ಸಾಲು, ಒಳಗ ತೂಕದ ಚೀಟಿ ಬರೂದಿಲ್ಲ.

ನಾನು ಮಾಡಿದ ತಪ್ಪು ಪರೀಕ್ಷೆದಾಗ ಇತ್ತು. ಉಬುಂಟು 20.04, ಸಿಗ್ರೂಪ್ (ಪ್ರೋಗ್ರಾಮುಗಳನ್ನ ಗುಂಪು ಮಾಡಿ ಮಿತಿ ಹಾಕೋ ಕರ್ನಲ್ ಸೌಲಭ್ಯ) ಹಳೇ ಆವೃತ್ತಿ 1. ಬ್ಲಾಕ್ ಐಓ ಥ್ರಾಟಲ್ ಫೈಲಿನಾಗ 5242880, ಅಂದ್ರ 5 ಎಂಬಿಯ ಬೈಟು, ಬರ್ದೆ. ಫೈಲ್ ಬರೆಯೋ ಡಿಡಿ ಕಮಾಂಡಿಗೆ ಡೈರೆಕ್ಟ್ ಫ್ಲ್ಯಾಗ್ (ಸೀದಾ ಡಿಸ್ಕಿಗೆ ಬರಿ ಅನ್ನೋದು) ಹಾಕಿ ಓಡಿಸಿದೆ, 5.2 ಎಂಬಿ ಅಂತ ತೋರಿಸ್ತು. ಕೆಲಸ ಮುಗೀತು ಅನ್ಕೊಂಡೆ. ಆದ್ರ ಬ್ಯಾಕಪ್ ತೆಗೆಯೋ ಡಂಪ್ ಪ್ರೋಗ್ರಾಂ ಡೈರೆಕ್ಟ್ ಆಗಿ ಬರೆಯೂದಿಲ್ಲ. ಅದು ಪೇಜ್ ಕ್ಯಾಶಿಗೆ, ಅಂದ್ರ ರಾಮಿಗೆ, ಸುರಿದು ಮುಂದ ಹೋಗ್ತದ. ಡಿಸ್ಕಿಗೆ ಇಳಿಸೋದು ಕರ್ನಲ್ಲಿನ ಕೆವರ್ಕರ್ ಅನ್ನೋ ಹಿಂದಿನ ಕೆಲಸಗಾರ. ಆವೃತ್ತಿ 1ರಾಗ ಆ ಬರವಣಿಗಿ ರೂಟ್ ಗುಂಪಿನ ಲೆಕ್ಕಕ್ಕ ಹೋಗ್ತದ, ನಾವು ಹಾಕಿದ ಮಿತಿ ಅದನ್ನ ಮುಟ್ಟೂದೇ ಇಲ್ಲ. ಡರ್ಟಿ ರೇಶಿಯೋ, ಅಂದ್ರ ಡಿಸ್ಕಿಗೆ ಇಳಿಯದ ಡೇಟಾ ರಾಮಿನಾಗ ಎಷ್ಟು ಶೇಕಡಾ ಇರಬಹುದು ಅನ್ನೋ ಮಿತಿ, ಮೊದಲಿಂದ 20 ಇರ್ತದ, ಅಂದ್ರ 8 ಜಿಬಿ ರಾಮ್ ಇರೋ ವಿಎಂದಾಗ 1 ಜಿಬಿ ಮ್ಯಾಲ ಕೂಡಿಟ್ಟು ಒಮ್ಮೆಲೇ ಡಿಸ್ಕಿಗೆ ಸುರೀತದ. ಡೇಟಾಬೇಸಿನ ಎಫ್‌ಸಿಂಕ್ (ಈಗಲೇ ಡಿಸ್ಕಿಗೆ ಇಳಿಸು ಅನ್ನೋ ಕರೆ) ಅದರ ಹಿಂದ ಸಾಲಿನಾಗ ನಿಲ್ತದ. ನಡುವ ಕರೆಂಟ್ ಹೋದ್ರ ಆ 1 ಜಿಬಿನೂ ಹೋಯ್ತು.

ಅದಕ್ಕ ಮೊದಲು ಸ್ಟ್ಯಾಟ್ ಕಮಾಂಡಿನಿಂದ ಸಿಸ್ ಒಳಗಿನ ಸಿಗ್ರೂಪ್ ಡೈರೆಕ್ಟರಿಯ ಫೈಲ್‌ಸಿಸ್ಟಮ್ ಟೈಪ್ ನೋಡ್ರಿ. ಸಿಗ್ರೂಪ್2 ಎಫ್ಎಸ್ ಅಂತ ಬರಬೇಕು. ಟೆಂಪ್ ಎಫ್ಎಸ್ ಬಂದ್ರ ಗ್ರಬ್ (ಬೂಟ್ ಲೋಡರ್) ಫೈಲಿನ ಕರ್ನಲ್ ಸಾಲಿನಾಗ ಸಿಸ್ಟಮ್‌ಡಿ ಯುನಿಫೈಡ್ ಸಿಗ್ರೂಪ್ ಹೈರಾರ್ಕಿ 1 ಅಂತ ಸೇರಿಸಿ, ಅಪ್‌ಡೇಟ್ ಗ್ರಬ್ ಮಾಡಿ ರೀಬೂಟ್ ಮಾಡ್ರಿ. ಉಬುಂಟು 22.04, ಡೆಬಿಯನ್ 11ರಾಗ ಇದು ಮೊದಲೇ ಇರ್ತದ. ಆವೃತ್ತಿ 2ರಾಗ ಮೆಮೊರಿ ಮತ್ತ ಐಓ ಎರಡೂ ಕಂಟ್ರೋಲರ್ ಚಾಲೂ ಇದ್ರ ಕ್ಯಾಶಿನಿಂದ ಇಳಿಯೋ ಬರವಣಿಗಿನೂ ಬರೆದವನ ಲೆಕ್ಕಕ್ಕೇ ಬೀಳ್ತದ. ಇಎಕ್ಸ್‌ಟಿ4, ಎಕ್ಸ್ಎಫ್ಎಸ್, ಬಿಟಿಆರ್‌ಎಫ್ಎಸ್ ಮೂರೂ ಫೈಲ್‌ಸಿಸ್ಟಮಿನ ಮ್ಯಾಲೂ ಇದು ನಡೀತದ.

ಬ್ಯಾಕಪ್ಪನ್ನ ಕ್ರಾನ್ (ಹೊತ್ತಿಗೆ ಸರಿಯಾಗಿ ಓಡಿಸೋದು) ಬಿಟ್ಟು ಸಿಸ್ಟಮ್‌ಡಿ ಸರ್ವಿಸ್ ಮಾಡ್ರಿ. ಸರ್ವಿಸ್ ವಿಭಾಗದಾಗ ಐಓ ರೈಟ್ ಬ್ಯಾಂಡ್‌ವಿಡ್ತ್ ಮ್ಯಾಕ್ಸ್ ಅನ್ನೋ ಸಾಲಿಗೆ ಡಿಸ್ಕಿನ ಹೆಸರು, ಮುಂದ 20ಎಂ. ಜೊತಿಗೆ ಮೆಮೊರಿ ಹೈ 256ಎಂ ಹಾಕ್ರಿ, ಆ ಗುಂಪಿನ ಡರ್ಟಿ ಪೇಜಿನ ಮಿತಿನೂ ಅದರ ಜೊತಿಗೇ ಇಳೀತದ. ಐಓ ಮ್ಯಾಕ್ಸ್ ಫೈಲಿಗೆ ಕೈಲೆ ಬರೆಯೋದಾದ್ರ ಎಲ್‌ಎಸ್‌ಬ್ಲಾಕ್ ತೋರಿಸೋ ಮೇಜರ್ ಮೈನರ್ ನಂಬರ್ ಬೇಕು, ಅದೂ ಪೂರ್ತಿ ಡಿಸ್ಕಿಂದು. ಪಾರ್ಟಿಶನ್ನಿನ ನಂಬರ್ ಕೊಟ್ರ ಅಂಥ ಡಿವೈಸ್ ಇಲ್ಲ ಅಂತದ.

ನೀವು ಕೇಳಿದ 5 ಎಂಬಿ ಹಾಕಬ್ಯಾಡ್ರಿ. ಬ್ಯಾಕಪ್, ಡೇಟಾಬೇಸ್ ಎರಡೂ ಒಂದೇ ಇಎಕ್ಸ್‌ಟಿ4 ಮ್ಯಾಲ ಇದ್ರ ಜರ್ನಲ್ (ಫೈಲ್‌ಸಿಸ್ಟಮ್ ಬದಲಾವಣಿ ಬರೆದಿಡೋ ದಾಖಲೆ) ಒಂದೇ. ಜರ್ನಲ್ ಕಮಿಟ್ ಆಗಲಿಕ್ಕೆ ಬ್ಯಾಕಪ್ಪಿನ ಡೇಟಾನೂ ಇಳೀಬೇಕು, ಅದನ್ನ ನೀವು ಬಿಗಿಯಾಗಿ ಹಿಡಿದೀರಿ. ಡೇಟಾಬೇಸ್ ಮೊದಲಿಗಿಂತ ಹೆಚ್ಚು ಹೊತ್ತು ಕಾಯ್ತದ. 40 ಜಿಬಿ ಡಂಪ್ 5 ಎಂಬಿ ವೇಗದಾಗ 2 ತಾಸಿನ ಮ್ಯಾಲ, 20ರಾಗ 35 ಮಿನಿಟಿನೊಳಗ. ನನ್ನ ಮಾತು ಕೇಳಿದ್ರ ಬ್ಯಾಕಪ್ಪಿಗೆ ಬೇರೆ ವರ್ಚುವಲ್ ಡಿಸ್ಕ್ ಹಚ್ಚಿ, ಮಿತಿ ಅದಕ್ಕ ಹಾಕ್ರಿ. ಜರ್ನಲ್ ಬೇರೆ ಆದ್ರ ಅರ್ಧ ತ್ರಾಸು ಅಲ್ಲೇ ಹೋಗ್ತದ. ಪಕ್ಕದ ವಿಎಂಗಳಿಗೂ ತ್ರಾಸಿದ್ರ ಒಳಗ ಹುಡುಕಬ್ಯಾಡ್ರಿ, ಹೋಸ್ಟಿನಾಗ ವಿಎಂ ಡಿಸ್ಕಿಗೆ ಮಿತಿ ಹಾಕೋ ವಿರ್ಶ್ ಬ್ಲಾಕ್ ಡೆವ್ ಐಓ ಟ್ಯೂನ್ ಕಮಾಂಡ್ ಅದ.

ಅಯೋನೈಸ್ ಬರೇ ಸರದಿ ಹೇಳ್ತದ, ವೇಗ ಕಟ್ಟೂದಿಲ್ಲ. ವಿಎಂ ಡಿಸ್ಕಿನ ಶೆಡ್ಯೂಲರ್ (ಸರದಿ ನಡೆಸೋದು) 'ನನ್', ಅಂದ್ರ ಯಾವುದೂ ಇಲ್ಲ, ಅಂತ ಇದ್ರ ಆ ಸರದಿನೂ ಯಾರೂ ಕೇಳೂದಿಲ್ಲ.

ಪರೀಕ್ಷೆಗೆ ಡಿಡಿ ಬ್ಯಾಡ. ಖರೇ ಬ್ಯಾಕಪ್ಪನ್ನೇ ಓಡಿಸಿ, ಆ ಸರ್ವಿಸಿನ ಐಓ ಸ್ಟ್ಯಾಟ್ ಫೈಲಿನಾಗ ಡಬ್ಲ್ಯೂ ಬೈಟ್ಸ್ (ಬರೆದ ಬೈಟು) ಅಂಕಿ 10 ಸೆಕೆಂಡ್ ಬಿಟ್ಟು ಎರಡು ಸಲ ಬರ್ಕೊಳ್ರಿ. ವ್ಯತ್ಯಾಸ 20 ಕೋಟಿ ಹತ್ತಿರ ಬಂದ್ರ ಮಿತಿ ಹಿಡಿದದ.