ಸಿಂಕಿನ ಸ್ಪ್ರೇಯರ್ ಕೆಟ್ಟಿದೆಯಾ? ಮೊದಲು ಬಿಚ್ಚಿ ನೋಡಿ

ಪ್ರಶ್ನೆ: ಸಿಂಕಿನ ಸ್ಪ್ರೇಯರ್‌ನಲ್ಲಿ ನೀರು ಸಣ್ಣಗೆ ಬರುತ್ತದೆ, ಹಿಡಿಯ ಹತ್ತಿರ ತೊಟ್ಟಿಕ್ಕುತ್ತದೆ. ನಲ್ಲಿಯಲ್ಲಿ ಸರಿಯಾಗಿಯೇ ಇದೆ. ನಮ್ಮದು ಬೋರ್‌ವೆಲ್ ನೀರು. ಹೊಸದು ತರಬೇಕಾ?
– ಓದುಗರು, ಉಡುಪಿ

ಉತ್ತರ: ಸುಮ್ನೆ ದುಡ್ಡು ಹಾಕಬೇಡಿ. ಕೆಳಗಿನ ವಾಲ್ವ್ ಬಂದ್ ಮಾಡಿ, ಪೈಪಿನಲ್ಲಿ ಉಳಿದ ನೀರು ಬಿಟ್ಟು, ಸ್ಪ್ರೇಯರಿನ ತಲೆಯನ್ನು ಕೈಯಿಂದಲೇ ತಿರುಗಿಸಿ ತೆಗೆಯಿರಿ. ಒಳಗಿನ ಜಾಲರಿಯಲ್ಲಿ ಕೆಂಪು ಕೆಸರು ಕೂತಿರಬಹುದು, ನಮ್ಮ ಕಡೆ ಎಷ್ಟೋ ಬೋರ್‌ವೆಲ್ ನೀರಿನಲ್ಲಿ ಕಬ್ಬಿಣದ ಅಂಶ ಜಾಸ್ತಿ ಅಲ್ವಾ. ಲಿಂಬೆರಸ ಬೆರೆಸಿದ ಬಿಸಿನೀರಿನಲ್ಲಿ ಅರ್ಧ ಗಂಟೆ ಇಟ್ಟು ಹಳೆ ಟೂತ್‌ಬ್ರಷ್‌ನಿಂದ ಉಜ್ಜಿ. ಹಿತ್ತಲಲ್ಲಿ ಬಿಂಬುಳಿ (ತುಂಬಾ ಹುಳಿ ಇರುವ ಹಸಿರು ಕಾಯಿ) ಇದ್ದರೆ ಅದರ ರಸವೂ ಆಗುತ್ತದೆ, ತುಕ್ಕಿನ ಕಲೆಗೆ ಅದು ಬಹಳ ಒಳ್ಳೆಯದು. ತೊಟ್ಟಿಕ್ಕುವುದು ಹೆಚ್ಚಾಗಿ ವಾಷರ್‌ನಿಂದ. ಅದುಮಿದಾಗ ಮೆತ್ತಗಿಲ್ಲದಿದ್ದರೆ ಬದಲಿಸಿ, ಹಳೆಯದನ್ನೇ ಅಂಗಡಿಗೆ ಒಯ್ದು ಅಳತೆ ತೋರಿಸಿ. ಮತ್ತೆ ಕೂರಿಸುವಾಗ ಸ್ಪ್ಯಾನರ್ ಹಾಕಿ ಬಿಗಿಯಬೇಡಿ, ಪ್ಲಾಸ್ಟಿಕ್ ಸೀಳುತ್ತದೆ.