ಸೀಸದ ಕಾರ್ಖಾನೆ ಮುಚ್ಚಿದ ಮೇಲೂ ಅಕ್ಕಪಕ್ಕದ ಮನೆಗಳ ಮಣ್ಣಿನಲ್ಲಿ ವಿಷ ಯಾಕೆ ಉಳಿಯುತ್ತದೆ? ಗೊತ್ತಿದ್ದೂ ಸರ್ಕಾರಗಳು ಯಾಕಿಷ್ಟು ತಡ ಮಾಡುತ್ತವೆ?

ಇದು ಎರಡು ಪ್ರಶ್ನೆ. ಮೊದಲನೆಯದಕ್ಕೆ ಉತ್ತರ ಚಿಕ್ಕದು, ಎರಡನೆಯದಕ್ಕೆ ಉದ್ದ. ನಾನು ಕೆಲವು ವರ್ಷ ಮಣ್ಣಿನ ಮಾದರಿ ಪರೀಕ್ಷೆ ಮಾಡುವ ಕೆಲಸದಲ್ಲಿದ್ದೆ. ಅಲ್ಲಿ ಕಂಡದ್ದು, ಆಮೇಲೆ ಓದಿದ್ದು ಎರಡನ್ನೂ ಸೇರಿಸಿ ಹೇಳುತ್ತೇನೆ.

ಸೀಸ ಒಂದು ಮೂಲಧಾತು. ಎಣ್ಣೆ ಚೆಲ್ಲಿದರೆ ಸೂಕ್ಷ್ಮಜೀವಿಗಳು ನಿಧಾನವಾಗಿ ತಿಂದು ಮುಗಿಸುತ್ತವೆ. ಸೀಸವನ್ನು ಯಾವುದೂ ತಿನ್ನುವುದಿಲ್ಲ, ಅದು ಒಡೆದು ಬೇರೆ ಏನೋ ಆಗುವುದೂ ಇಲ್ಲ. ಚಿಮಣಿಯಿಂದ ಹಾರಿ ಬಂದ ದೂಳು ನೆಲಕ್ಕೆ ಬಿದ್ದು ಮೇಲಿನ ಕೆಲವು ಇಂಚು ಮಣ್ಣಿಗೆ ಅಂಟಿಕೊಂಡರೆ ಮುಗಿಯಿತು. ಎಷ್ಟು ಮಳೆ ಬಂದರೂ ಹೆಚ್ಚು ಕೆಳಗೆ ಇಳಿಯದೆ ಅಲ್ಲೇ ಕೂರುತ್ತದೆ. ಮಕ್ಕಳು ಆಡುವುದೂ ಅದೇ ಮೇಲ್ಮಣ್ಣಿನಲ್ಲಿ, ಆ ಕೈಯೇ ಬಾಯಿಗೂ ಹೋಗುತ್ತದೆ. ಅವರ ಕರುಳು ದೊಡ್ಡವರಿಗಿಂತ ಹಲವು ಪಟ್ಟು ಜಾಸ್ತಿ ಸೀಸ ಹೀರಿಕೊಳ್ಳುತ್ತದೆ. ರಕ್ತದಲ್ಲಿರುವ ಸೀಸ ಸುಮಾರು ಒಂದು ತಿಂಗಳಲ್ಲಿ ಅರ್ಧಕ್ಕೆ ಇಳಿಯಬಹುದು, ಮೂಳೆಗೆ ಸೇರಿದ್ದು ದಶಕಗಟ್ಟಲೆ ಇರುತ್ತದೆ. ಬೆಳೆಯುವ ಮಿದುಳಿಗೆ ಆದ ಹಾನಿ ಮತ್ತೆ ಸರಿಹೋಗುವುದಿಲ್ಲ. ಇಷ್ಟು ಪ್ರಮಾಣದ ಸೀಸ ಅಪಾಯವಿಲ್ಲ ಎನ್ನುವಂಥ ಮಟ್ಟವೇ ಗೊತ್ತಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಇನ್ನು ಎರಡನೆಯ ಪ್ರಶ್ನೆ. ನನ್ನ ಅಭಿಪ್ರಾಯದಲ್ಲಿ ಸೀಸದ ರಾಜಕೀಯ ಎಂದರೆ ಗೆರೆ ಎಳೆಯುವ ರಾಜಕೀಯ. ಎಷ್ಟು ಸೀಸ ಇದ್ದರೆ ಮಣ್ಣು ಕೆಟ್ಟಿದೆ ಎನ್ನಬೇಕು? ಕಾರ್ಖಾನೆಯಿಂದ ಎಷ್ಟು ದೂರದವರೆಗೆ ಅದರ ಹೊಣೆ? ಖರ್ಚು ಯಾರದು? ಈ ಮೂರು ಗೆರೆಗಳ ಜಗಳದಲ್ಲೇ ವರ್ಷಗಳು ಹೋಗುತ್ತವೆ. ಗೆರೆ ಒಂದು ಗೇಣು ಸರಿದರೂ ಸಾವಿರಾರು ಮನೆ ಒಳಗೆ ಬರುತ್ತವೆ, ಇಲ್ಲ ಹೊರಗೆ ಹೋಗುತ್ತವೆ.

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ, ಲಾಸ್ ಏಂಜಲೀಸ್ ಪಕ್ಕದ ವರ್ನನ್ ಎಂಬ ಪುಟ್ಟ ನಗರದ ಕಥೆ ನೋಡಿ. ಅಲ್ಲಿ ಹಳೆಯ ಕಾರ್ ಬ್ಯಾಟರಿ ಒಡೆದು ಸೀಸ ಕರಗಿಸುವ ಘಟಕ ಇತ್ತು. 1922ರಿಂದಲೂ ಆ ಜಾಗದಲ್ಲಿ ಕುಲುಮೆ ಉರಿಯುತ್ತಿತ್ತು. 2000ದಲ್ಲಿ ಅದು ಎಕ್ಸೈಡ್ ಟೆಕ್ನಾಲಜೀಸ್ ಎಂಬ ಅಮೆರಿಕದ ಬ್ಯಾಟರಿ ಕಂಪನಿಯ ಕೈಗೆ ಬಂತು. ವರ್ನನ್ನಿನ ಘೋಷವಾಕ್ಯವೇ ‘ಕೇವಲ ಕೈಗಾರಿಕೆಗಾಗಿ’ ಎಂಬ ಅರ್ಥದ್ದು. 2010ರ ಜನಗಣತಿಯಲ್ಲಿ ಇಡೀ ನಗರದ ಜನಸಂಖ್ಯೆ 112. ತಮಾಷೆಯಲ್ಲ, ನೂರಾ ಹನ್ನೆರಡೇ! ದೂಳು ಬೀಳುತ್ತಿದ್ದದ್ದು ಸುತ್ತಲಿನ ಬಾಯ್ಲ್ ಹೈಟ್ಸ್, ಮೇವುಡ್, ಹಂಟಿಂಗ್ಟನ್ ಪಾರ್ಕ್ ಕಡೆಯ ಮನೆಗಳ ಮೇಲೆ. ಅಲ್ಲಿ ಇದ್ದವರು ಹೆಚ್ಚಾಗಿ ದುಡಿದು ತಿನ್ನುವ ಲ್ಯಾಟಿನೋ ಕುಟುಂಬಗಳು. ತೆರಿಗೆ ವರ್ನನ್‌ಗೆ, ದೂಳು ಪಕ್ಕದವರಿಗೆ. ಆ ಪಕ್ಕದವರಿಗೆ ವರ್ನನ್‌ನಲ್ಲಿ ಓಟೂ ಇಲ್ಲ.

ಆ ಘಟಕ 30 ವರ್ಷಕ್ಕೂ ಹೆಚ್ಚು ಕಾಲ ನಡೆದದ್ದು ತಾತ್ಕಾಲಿಕ ಪರವಾನಗಿಯಲ್ಲಿ. ಪೂರ್ಣ ಪರವಾನಗಿ ಕೊಟ್ಟರೆ ಷರತ್ತು ಹಾಕಬೇಕು, ಕೊಡದಿದ್ದರೆ ಮುಚ್ಚಿಸಬೇಕು. ಎರಡೂ ತಲೆನೋವು. ಹಾಗಾಗಿ ಫೈಲು ಸುಮ್ನೆ ಮೇಜಿನ ಮೇಲೇ ಇತ್ತು. 2013ರಲ್ಲಿ ಅಲ್ಲಿನ ವಾಯು ಗುಣಮಟ್ಟ ಮಂಡಳಿ, ಘಟಕದಿಂದ ಬರುವ ಆರ್ಸೆನಿಕ್‌ನಿಂದ ಸುಮಾರು 1.1 ಲಕ್ಷ ಜನರಿಗೆ ಕ್ಯಾನ್ಸರ್ ಅಪಾಯ ಹೆಚ್ಚಿದೆ ಎಂದಿತು. ಆಗ ರಾಜ್ಯದ ಇಲಾಖೆ ಘಟಕವನ್ನು ನಿಲ್ಲಿಸಲು ಹೊರಟಿತು. ಕಂಪನಿ ಕೋರ್ಟಿಗೆ ಹೋಗಿ ಮತ್ತೆ ಶುರು ಮಾಡಿತು. ಕೊನೆಗೆ ಮುಚ್ಚಿದ್ದು 2015ರ ಮಾರ್ಚ್‌ನಲ್ಲಿ, ಫೆಡರಲ್, ಅಂದರೆ ಕೇಂದ್ರ ಸರ್ಕಾರದ, ಪ್ರಾಸಿಕ್ಯೂಟರ್‌ಗಳ ಜೊತೆ ಒಪ್ಪಂದ ಮಾಡಿಕೊಂಡು. ಅಪಾಯಕಾರಿ ತ್ಯಾಜ್ಯದ ವಿಷಯದಲ್ಲಿ ಅಪರಾಧ ಮಾಡಿದ್ದನ್ನು ಕಂಪನಿ ಒಪ್ಪಿಕೊಂಡಿತು, ಶುದ್ಧೀಕರಣಕ್ಕೆ 5 ಕೋಟಿ ಡಾಲರ್ ಕೊಡುತ್ತೇನೆ ಎಂದಿತು. ಅದಕ್ಕೆ ಬದಲಾಗಿ ಮೊಕದ್ದಮೆ ಇಲ್ಲ.

ಇಲ್ಲೊಂದು ಸಣ್ಣ ತಿರುವು ಇದೆ. 2015ರ ಅಕ್ಟೋಬರ್‌ನಲ್ಲಿ ಅದೇ ಲಾಸ್ ಏಂಜಲೀಸ್‌ನ ಇನ್ನೊಂದು ತುದಿಯಲ್ಲಿ, ಅನುಕೂಲಸ್ಥರ ಬಡಾವಣೆಯಾದ ಪೋರ್ಟರ್ ರ‍್ಯಾಂಚ್ ಪಕ್ಕ, ಅನಿಲ ಸೋರಿಕೆ ಆಯಿತು. ಕೆಲವೇ ತಿಂಗಳಲ್ಲಿ ಸಾವಿರಾರು ಕುಟುಂಬಗಳನ್ನು ಬೇರೆ ಕಡೆ ಇರಿಸಲಾಯಿತು. ಜನವರಿಯಲ್ಲಿ ಗವರ್ನರ್ ಜೆರ್ರಿ ಬ್ರೌನ್ ತುರ್ತು ಪರಿಸ್ಥಿತಿ ಘೋಷಿಸಿದರು. ಸೀಸದ ದೂಳಿನಲ್ಲಿ ಕೂತಿದ್ದವರು, ‘ಹಾಗಾದರೆ ನಾವೇನು?’ ಎಂದು ಕೇಳಿದರು. ಫೆಬ್ರವರಿಯಲ್ಲಿ ಬ್ರೌನ್ ಈ ಮನೆಗಳ ಮಣ್ಣಿನ ಪರೀಕ್ಷೆ, ಶುದ್ಧೀಕರಣಕ್ಕೆ 17.66 ಕೋಟಿ ಡಾಲರ್ ಪ್ರಸ್ತಾಪ ಮಾಡಿದರು, ಏಪ್ರಿಲ್‌ನಲ್ಲಿ ಸಹಿಯೂ ಆಯಿತು. ಮಣ್ಣಿನ ಅಂಕಿಗಳು ಮೊದಲೂ ಇದ್ದವು. ಹಣ ಬಂದದ್ದು ಈ ಹೋಲಿಕೆ ನಾಚಿಕೆ ತಂದ ಮೇಲೆ. ಇದನ್ನು ನಾನು ಸಾಬೀತು ಮಾಡಲಾರೆ, ಆದರೆ ತಾರೀಖುಗಳನ್ನು ಪಕ್ಕಪಕ್ಕ ಇಟ್ಟು ನೋಡಿ.

ಈಗ ಗೆರೆಗಳ ವಿಷಯ. ಶುದ್ಧೀಕರಣದ ವ್ಯಾಪ್ತಿ ಘಟಕದಿಂದ 1.7 ಮೈಲಿ, ಅಂದರೆ ಸುಮಾರು 2.7 ಕಿಲೋಮೀಟರ್. ಅದರೊಳಗೆ ಸುಮಾರು 10,000 ನಿವೇಶನ. ಮೊದಲ ಹಣ ಸಾಲುತ್ತಿದ್ದದ್ದು ಅವುಗಳಲ್ಲಿ ತೀರಾ ಕೆಟ್ಟ 2,500ಕ್ಕೆ. ಮನೆ ಮಣ್ಣಿಗೆ ಕ್ಯಾಲಿಫೋರ್ನಿಯಾದ ಮಿತಿ 80 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗದಲ್ಲಿ 80. ಫೆಡರಲ್ ಪರಿಸರ ಸಂಸ್ಥೆಯ ಮಿತಿ ಆಗ 400 ಇತ್ತು, 2024ರಲ್ಲಿ ಅದನ್ನು 200ಕ್ಕೆ ಇಳಿಸಿದರು. ಮಣ್ಣು ಅದೇ, ಮಗು ಅದೇ. ನೂರೈವತ್ತು ಪಿಪಿಎಂ ಇರುವ ಅಂಗಳ ಒಂದು ಲೆಕ್ಕದಲ್ಲಿ ಕೆಟ್ಟದ್ದು, ಇನ್ನೊಂದು ಲೆಕ್ಕದಲ್ಲಿ ಪಾಸು.

ಎಲ್ಲಕ್ಕಿಂತ ನನಗೆ ಸಿಟ್ಟು ಬರಿಸಿದ್ದು ಫುಟ್‌ಪಾತ್ ಗೆರೆ. ಅಲ್ಲಿ ಫುಟ್‌ಪಾತಿಗೂ ರಸ್ತೆ ಅಂಚಿಗೂ ನಡುವೆ ಒಂದು ಮಣ್ಣಿನ ಪಟ್ಟಿ ಇರುತ್ತದೆ. ಅದು ಮನೆಯವರ ನಿವೇಶನದೊಳಗೆ ಬರುವುದಿಲ್ಲ. ಮನೆಗಳ ಶುದ್ಧೀಕರಣದಲ್ಲಿ ಅದನ್ನು ಸೇರಿಸಲಿಲ್ಲ. ಅಂಗಳದ ಮಣ್ಣು ಅಗೆದು ಹೊಸ ಮಣ್ಣು ತುಂಬುತ್ತಾರೆ, ನಾಲ್ಕು ಹೆಜ್ಜೆ ಆಚೆ ಹಳೆಯದು ಹಾಗೇ ಇರುತ್ತದೆ. ದೂಳಿಗೆ ಯಾರ ಪಟ್ಟಾ ಯಾವುದು ಎಂದು ಗೊತ್ತಾಗುತ್ತದಾ? ಶುದ್ಧ ಮಾಡಿದ್ದಾರೆ ಎನ್ನಲಾದ ಅಂಗಳಗಳನ್ನೂ ಸಂಶೋಧಕರು ಮತ್ತೆ ಪರೀಕ್ಷಿಸಿದಾಗ, ಹಲವು ಕಡೆ 80ಕ್ಕಿಂತ ಹೆಚ್ಚು ಸಿಕ್ಕಿತು.

ಮೂರನೆಯ ಗೆರೆ ಖರ್ಚಿನದು. ಕಂಪನಿ ದಿವಾಳಿ ಅರ್ಜಿ ಹಾಕಿತು. 2020ರ ಅಕ್ಟೋಬರ್‌ನಲ್ಲಿ ಡೆಲವೇರ್‌ನ ದಿವಾಳಿ ಕೋರ್ಟು, ಆ ಜಾಗವನ್ನು ಬಿಟ್ಟು ಹೋಗಲು ಅನುಮತಿ ಕೊಟ್ಟಿತು. ಬಿಲ್ಲು ಜನರ ತೆರಿಗೆಗೆ ಬಂತು. ಅದಕ್ಕೂ ಮೊದಲೇ, 2017ರಿಂದ, ಕ್ಯಾಲಿಫೋರ್ನಿಯಾದಲ್ಲಿ ಪ್ರತಿ ಸೀಸದ ಬ್ಯಾಟರಿಗೆ ಕೊಳ್ಳುವವರಿಂದ 1 ಡಾಲರ್ ಶುಲ್ಕ ವಸೂಲಿ ಶುರುವಾಗಿತ್ತು. ಕೆಟ್ಟ ಐಡಿಯಾ ಅಂತ ನಾನು ಹೇಳುವುದಿಲ್ಲ. ಆದರೆ ಘಟಕ ಮುಚ್ಚುವಾಗ ಬೇಕಾಗುವ ಹಣವನ್ನು ಕುಲುಮೆ ಹೊತ್ತಿಸುವ ಮೊದಲೇ ಠೇವಣಿ ಇಡಿಸಿಕೊಂಡಿದ್ದರೆ ಇದರ ಅಗತ್ಯ ಅಷ್ಟು ಇರುತ್ತಿರಲಿಲ್ಲ.

ಇದು ಒಂದೇ ಊರಿನ ಕಥೆಯಲ್ಲ. ಅಮೆರಿಕದ್ದೇ ಇಂಡಿಯಾನಾ ರಾಜ್ಯದ ಈಸ್ಟ್ ಷಿಕಾಗೋದಲ್ಲಿ ಹಳೆಯ ಸೀಸ ಘಟಕದ ಜಾಗದ ಮೇಲೇ ಬಡವರಿಗೆ ಸರ್ಕಾರಿ ವಸತಿ ಕಟ್ಟಿದ್ದರು. ಅಪಾಯಕಾರಿ ಸ್ಥಳಗಳ ಪಟ್ಟಿಗೆ ಆ ಪ್ರದೇಶ ಸೇರಿದ್ದು 2009ರಲ್ಲಿ. ‘ಮನೆ ಖಾಲಿ ಮಾಡಿ’ ಎಂದು ಮೇಯರ್ ಪತ್ರ ಬಂದದ್ದು 2016ರಲ್ಲಿ, ಸಾವಿರಕ್ಕೂ ಹೆಚ್ಚು ಜನರಿಗೆ. ನಡುವಿನ ಏಳು ವರ್ಷ ಮಕ್ಕಳು ಅಲ್ಲೇ ಆಡಿಕೊಂಡಿದ್ದರು. ಕೀನ್ಯಾದ ಮೊಂಬಾಸಾ ಪಕ್ಕದ ಓವಿನೊ ಉಹುರುವಿನಲ್ಲಿ ಮಾತ್ರ ಗೆರೆ ಬೇರೆ ಕಡೆ ಬಿತ್ತು. ಅಲ್ಲಿನ ಸೀಸ ಘಟಕದಲ್ಲೇ ಕೆಲಸ ಮಾಡಿದ್ದ ಫಿಲಿಸ್ ಒಮಿಡೊ ಎಂಬ ಮಹಿಳೆ ತನ್ನ ಮಗುವಿನ ರಕ್ತದಲ್ಲಿ ಸೀಸ ಸಿಕ್ಕ ಮೇಲೆ ಹೋರಾಟಕ್ಕೆ ಇಳಿದರು. 2020ರಲ್ಲಿ ಅಲ್ಲಿನ ಕೋರ್ಟು 130 ಕೋಟಿ ಷಿಲ್ಲಿಂಗ್ ಪರಿಹಾರ ಎಂದು ತೀರ್ಪು ಕೊಟ್ಟಿತು. ಕಂಪನಿಯ ಜೊತೆ ಸರ್ಕಾರಿ ಸಂಸ್ಥೆಗಳನ್ನೂ ಹೊಣೆ ಮಾಡಿತು. ನನಗೆ ಇದೇ ದೊಡ್ಡ ವಿಷಯ. ಕಣ್ಣು ಮುಚ್ಚಿಕೊಂಡಿದ್ದವರಿಗೂ ಬಿಲ್ಲು.

ನಿಮ್ಮ ಮನೆಯೂ ಇಂಥ ಘಟಕದ ಪಕ್ಕ ಇದ್ದರೆ, ಸರ್ಕಾರದ ಉತ್ತರ ಬರುವ ತನಕ ಕಾಯಬೇಡಿ. ಮೊದಲು ಮಕ್ಕಳ ರಕ್ತ ಪರೀಕ್ಷೆ. ಬೆರಳು ಚುಚ್ಚಿ ತೆಗೆದದ್ದಾದರೆ ಚರ್ಮದ ಮೇಲಿನ ದೂಳೇ ಲೆಕ್ಕ ತಪ್ಪಿಸಬಹುದು, ಜಾಸ್ತಿ ಬಂದರೆ ರಕ್ತನಾಳದಿಂದ ತೆಗೆಸಿ ಖಚಿತ ಮಾಡಿಕೊಳ್ಳಿ. ಪೊರಕೆಯಲ್ಲಿ ಗುಡಿಸುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಿ. ಚಪ್ಪಲಿ ಬಾಗಿಲ ಹೊರಗೇ ಇರಲಿ. ಊಟಕ್ಕೆ ಮೊದಲು ಮಕ್ಕಳ ಕೈ ತೊಳೆಸಿ. ಬರೀ ಮಣ್ಣು ಕಾಣುವ ಕಡೆ ಹುಲ್ಲು ಬೆಳೆಸಿ, ಇಲ್ಲವೇ ಮುಚ್ಚಿ.

ಮಣ್ಣು ಪರೀಕ್ಷೆ ಮಾಡಿಸುವಾಗ ಒಂದು ಮಾತು. ಗುಂಡಿ ತೋಡಿ ಆಳದ ಮಣ್ಣು ಬೆರೆಸಿ ಕೊಟ್ಟರೆ ಅಂಕಿ ಇಳಿಯುತ್ತದೆ, ವರದಿ ಚೆನ್ನಾಗಿ ಕಾಣುತ್ತದೆ. ಮೇಲಿನ ಒಂದು ಇಂಚು ಬೇರೆಯಾಗಿ ತೆಗೆಸಿ. ಚಾವಣಿ ನೀರು ಬೀಳುವ ಜಾಗದಿಂದಲೂ ಒಂದು ಮಾದರಿ ಇರಲಿ, ಚಾವಣಿ ಮೇಲಿನ ದೂಳೆಲ್ಲ ತೊಳೆದುಕೊಂಡು ಅಲ್ಲಿಗೇ ಬರುತ್ತದೆ. ನಾನು ಕೆಲಸದಲ್ಲಿದ್ದಾಗ ಒಬ್ಬ ಅಜ್ಜಿ, ಗುರುತು ಹಾಕಿದ್ದ ಹಗ್ಗದ ಆಚೆ ಕೈ ತೋರಿಸಿ, ‘ಮೊಮ್ಮಗ ಆಡೋದು ಅಲ್ಲಿ, ನೀವು ಅಗೆಯೋದು ಇಲ್ಲಿ’ ಎಂದಿದ್ದರು. ನನ್ನ ಚೀಟಿಯಲ್ಲಿ ಆ ಜಾಗ ಇರಲಿಲ್ಲ. ಅವತ್ತು ನಾನು ಅಲ್ಲಿಂದ ಮಾದರಿ ತೆಗೆಯಲಿಲ್ಲ. ನೀವು ಅಧಿಕಾರಿಗಳ ಹತ್ತಿರ ಹೋದಾಗ ವರದಿಯ ಜೊತೆಗೆ ಮಾದರಿ ತೆಗೆದ ಜಾಗಗಳ ನಕ್ಷೆಯನ್ನೂ ಕೇಳಿ ಪಡೆಯಿರಿ.