ಬಾಟಲಿಯ ಬುಡದಲ್ಲಿರುವ ನಂಬರ್ ನೋಡಿದಿರಾ?

ಪ್ರಶ್ನೆ: ಡೊಂಬಿವಲಿಯಲ್ಲಿ ನಮ್ಮದು ತಂದೆಯ ಕಾಲದ ಪರ್ಮಿಟ್ ರೂಮ್, ಅಂದರೆ ಬಾರ್. ಭಾವ ಗ್ಲಾಸ್ಗೋದಲ್ಲಿದ್ದಾರೆ. ಅಲ್ಲಿನ ಒಂದು ಸಣ್ಣ ಡಿಸ್ಟಿಲರಿಯವರು ತಮ್ಮ ಸಿಂಗಲ್ ಮಾಲ್ಟ್ (ಒಂದೇ ಡಿಸ್ಟಿಲರಿಯ ಸ್ಕಾಚ್ ವಿಸ್ಕಿ) ಕೊಡಲು ಒಪ್ಪಿದ್ದಾರೆ. 100 ಕೇಸ್ ತರಿಸಿ ಮುಂಬೈ, ಪುಣೆಯಲ್ಲಿ ಮಾರಬೇಕೆಂದಿದ್ದೇನೆ. ನಮ್ಮ ಲೈಸೆನ್ಸ್ ಸಾಕೇ? ಪೀಪಾಯಿಯಲ್ಲಿ ತರಿಸಿ ಇಲ್ಲೇ ಬಾಟಲಿಗೆ ತುಂಬಿಸಿದರೆ ಸುಂಕ ಉಳಿಯುತ್ತದೆಯೇ? ಮುಂದಿನ ವಾರ ಅಡ್ವಾನ್ಸ್ ಕಳಿಸಬೇಕು.

ಉತ್ತರ: ಅಡ್ವಾನ್ಸ್ ಕಳಿಸಬೇಡಿ. ಇದನ್ನು ಮೊದಲು ಹೇಳಿ ಆಮೇಲೆ ಉಳಿದದ್ದು ಹೇಳುತ್ತೇನೆ.

ನಾನು ಮುಂಬೈಯ ಫೋರ್ಟ್‌ನಲ್ಲಿ, ಕಸ್ಟಮ್ಸ್‌ನಿಂದ ಮಾಲು ಬಿಡಿಸಿಕೊಡುವ ಕ್ಲಿಯರಿಂಗ್ ಏಜೆಂಟರ ಆಫೀಸಿನಲ್ಲಿ 28 ವರ್ಷ ಕೆಲಸ ಮಾಡಿದವಳು. ವಿದೇಶಿ ಮದ್ಯ ತರಿಸುವವರು ಸುಂಕಕ್ಕೆ ಹೆದರುತ್ತಾರೆ. ಆದರೆ ಸುಂಕ ಎಷ್ಟು ಅಂತ ಮೊದಲೇ ಗೊತ್ತಿರುತ್ತದೆ. ಕೈ ಸುಡುವುದು ಲೇಬಲ್.

ಒಂದು ಸಲ ನಾವು ಒಬ್ಬರ ಮಾಲು ನ್ಹಾವಾ ಶೇವಾ ಬಂದರಿನಲ್ಲಿ ಇಳಿಸಿ, ಸುಂಕ ಕಟ್ಟುವ ತನಕ ಮಾಲು ಇಡುವ ಬಾಂಡ್ ಗೋದಾಮಿಗೆ ಹಾಕಿದೆವು. 120 ಕೇಸ್. ಇಂಪೋರ್ಟರ್ ಹೆಸರು, ವಿಳಾಸ, ಆಹಾರ ಸುರಕ್ಷತಾ ಪ್ರಾಧಿಕಾರದ ಲೈಸೆನ್ಸ್ ನಂಬರ್, ಇವನ್ನೆಲ್ಲ ಬಾಂಡ್‌ನಲ್ಲೇ ಸ್ಟಿಕ್ಕರ್ ಹಚ್ಚಿ ಸರಿ ಮಾಡಬಹುದು. ನಾಲ್ಕು ಹುಡುಗರನ್ನು ಕೂರಿಸಿ ಹಚ್ಚಿಸುತ್ತಿದ್ದೆ. ಪರಿಶೀಲನೆಗೆ ಬಂದ ಅಧಿಕಾರಿ ಒಂದು ಬಾಟಲಿ ಎತ್ತಿ, ಟ್ಯೂಬ್‌ಲೈಟಿಗೆ ಹಿಡಿದು, ಬುಡದ ಸುತ್ತ ತಿರುಗಿಸಿದರು. ಸ್ಕಾಚ್ ಬಾಟಲಿಯಲ್ಲಿ ಲೇಬಲ್ಲಿನ ಕೆಳಗೆ, ಗಾಜಿನ ಮೇಲೆಯೇ, ಎಲ್ ಅಕ್ಷರದಿಂದ ಶುರುವಾಗುವ ಸಣ್ಣ ಚುಕ್ಕಿಚುಕ್ಕಿ ನಂಬರ್ ಇರುತ್ತದಲ್ಲ, ಅದು ಇರಲಿಲ್ಲ. ಎರಡನೆಯ ಬಾಟಲಿಯಲ್ಲೂ ಇಲ್ಲ. ಡಿಸ್ಟಿಲರಿಯವರು ಅದನ್ನು ರಟ್ಟಿನ ಪೆಟ್ಟಿಗೆಯ ಮೇಲೆ ಮಾತ್ರ ಹಾಕಿದ್ದರು. ಯಾವ ಬ್ಯಾಚಿನ ಮಾಲು ಅಂತ ಹೇಳುವ ಈ ಲಾಟ್ ನಂಬರನ್ನು ನಾವು ಇಲ್ಲಿ ಸ್ಟಿಕ್ಕರ್ ಮಾಡಿ ಹಚ್ಚುವಂತಿಲ್ಲ. ತಿಂಗಳುಗಟ್ಟಲೆ ಪತ್ರ ಬರೆದೆವು. ಬಾಂಡ್‌ನಲ್ಲಿ 90 ದಿನದ ತನಕ ಸುಂಕದ ಮೇಲೆ ಬಡ್ಡಿ ಇಲ್ಲ. ಆಮೇಲೆ ವರ್ಷಕ್ಕೆ 15% ಲೆಕ್ಕದಲ್ಲಿ ಓಡುತ್ತದೆ, ಗೋದಾಮಿನ ಬಾಡಿಗೆ ಬೇರೆ. ಕೊನೆಗೆ ಮಾಲು ತರಿಸಿದವರೇ ಸ್ವಂತ ಖರ್ಚಿನಲ್ಲಿ ಮಾಲು ವಾಪಸ್ ಕಳಿಸಿದರು. ಆ ಮನುಷ್ಯ ಹೆಂಡತಿಯ ಒಡವೆ ಅಡವಿಟ್ಟು ಈ ವ್ಯಾಪಾರಕ್ಕೆ ಇಳಿದಿದ್ದರು. ಆ ನಂಬರನ್ನು ಮೊದಲೇ ನೋಡಬೇಕಾಗಿದ್ದವಳು ನಾನು.

ಈಗ ನಿಮ್ಮ ಲೈಸೆನ್ಸ್. ನಿಮ್ಮದು ಎಫ್‌ಎಲ್-3, ಕೂತು ಕುಡಿಯುವವರಿಗೆ ಬಡಿಸಲು ಮಾತ್ರ. ಆಮದು ಮಾಡಿ ಸಗಟಿನಲ್ಲಿ ಮಾರಲು ಎಫ್‌ಎಲ್-1 ಬೇಕು. ಜೊತೆಗೆ ಇಂಪೋರ್ಟ್ ಎಕ್ಸ್‌ಪೋರ್ಟ್ ಕೋಡ್, ಆಹಾರ ಸುರಕ್ಷತೆಯ ಕೇಂದ್ರ ಲೈಸೆನ್ಸ್, ಅಬಕಾರಿಯಲ್ಲಿ ಲೇಬಲ್ ಅಪ್ರೂವಲ್. ಗೋವಾದಲ್ಲೂ ಮಾರುವ ಮನಸ್ಸಾದರೆ ಅಲ್ಲಿಯ ಅಬಕಾರಿಯಲ್ಲಿ ಎಲ್ಲಾ ಮತ್ತೆ ಮೊದಲಿಂದ. 100 ಕೇಸಿಗಾಗಿ ಇಷ್ಟೆಲ್ಲ ಮೈಮೇಲೆ ಹಾಕಿಕೊಳ್ಳಬೇಡಿ. ಎಫ್‌ಎಲ್-1 ಇರುವ ಇಂಪೋರ್ಟರ್ ಒಬ್ಬರನ್ನು ಹಿಡಿಯಿರಿ. ಮಾಲು ಅವರ ಹೆಸರಿನಲ್ಲೇ ಬರಲಿ. ಡಿಸ್ಟಿಲರಿ ಜೊತೆಗಿನ ಒಪ್ಪಂದ ಮಾತ್ರ ನಿಮ್ಮ ಕೈಯಲ್ಲಿರಲಿ. ಭಾವ ಊರಿಗೆ ಬರುವಾಗ ಡ್ಯೂಟಿ ಫ್ರೀಯಲ್ಲಿ ತರುವ 2 ಲೀಟರ್ ಮನೆಗೆ ಮಾತ್ರ. ಅದು ಕೌಂಟರಿನ ಹಿಂದೆ ಕಾಣಿಸಿದರೆ ತಂದೆಯ ಲೈಸೆನ್ಸಿಗೇ ಕುತ್ತು.

ಪೀಪಾಯಿಯ ಯೋಚನೆ ಬಿಟ್ಟುಬಿಡಿ. 2012ರ ನವೆಂಬರ್‌ನಿಂದ ಸ್ಕಾಚ್ ಸಿಂಗಲ್ ಮಾಲ್ಟನ್ನು ಸ್ಕಾಟ್ಲೆಂಡಿನಲ್ಲೇ ಬಾಟಲಿಗೆ ತುಂಬಬೇಕು ಅಂತ ಅವರದೇ ಕಾನೂನು. ನಮ್ಮಲ್ಲಿ ಬಿಐಐ (ಬಾಟಲ್ಡ್ ಇನ್ ಇಂಡಿಯಾ) ಅನ್ನುತ್ತೇವಲ್ಲ, ಇಲ್ಲಿ ತುಂಬಿಸುವ ಸ್ಕಾಚ್, ಅದು ಬ್ಲೆಂಡೆಡ್, ಅಂದರೆ ಹಲವು ಡಿಸ್ಟಿಲರಿಗಳ ವಿಸ್ಕಿ ಬೆರೆಸಿದ್ದು. ಬಾಟಲಿ ಮೇಲೆ 12 ವರ್ಷ ಅಂತ ಬರೆದಿದ್ದರೆ ಬ್ರಿಟಿಷ್ ತೆರಿಗೆ ಇಲಾಖೆ ಕೊಡುವ ವಯಸ್ಸು ಮತ್ತು ಮೂಲದ ಸರ್ಟಿಫಿಕೇಟ್ ಕೇಳಿ ಪಡೆಯಿರಿ.

ಲೆಕ್ಕ ಹೀಗೆ. ವಿಮೆ, ಹಡಗಿನ ಬಾಡಿಗೆ ಸೇರಿ ಒಂದು ಬಾಟಲಿ ಇಲ್ಲಿಗೆ 1,000 ರೂಪಾಯಿಗೆ ಮುಟ್ಟಿತು ಅನ್ನಿ. 2025ರಲ್ಲಿದ್ದ 150% ಕಸ್ಟಮ್ಸ್ ಸುಂಕ ಸೇರಿದರೆ 2,500. ಇದರ ಮೇಲೆ ರಾಜ್ಯದ ಅಬಕಾರಿ ಸುಂಕ. ಆಮದು ಸ್ಕಾಚಿನ ಮೇಲಿನ ಈ ಸುಂಕವನ್ನು ಮಹಾರಾಷ್ಟ್ರ 2021ರ ನವೆಂಬರ್‌ನಲ್ಲಿ 300%ರಿಂದ 150%ಕ್ಕೆ ಇಳಿಸಿತ್ತು. ಈಗಿನ ದರವನ್ನು ಇಂಪೋರ್ಟರ್ ಹತ್ತಿರ ಬರವಣಿಗೆಯಲ್ಲಿ ಪಡೆಯಿರಿ. ಮದ್ಯ ಜಿಎಸ್‌ಟಿಯ ಹೊರಗಿದೆ. ಹಾಗಾಗಿ ಗೋದಾಮು, ಲಾರಿಗೆ ಕಟ್ಟಿದ ಜಿಎಸ್‌ಟಿ ವಾಪಸ್ ಸಿಗುವುದಿಲ್ಲ. ತುಂಬಾ ಜನ ಇದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಬ್ರಿಟನ್ ಜೊತೆಗಿನ ಒಪ್ಪಂದದ ಸುದ್ದಿ ನೀವೂ ಓದಿರಬೇಕು. 2025ರ ಜುಲೈ 24ರಂದು ಸಹಿಯಾದದ್ದು. ಅದರ ಪ್ರಕಾರ ಸ್ಕಾಚ್ ಸುಂಕ 150ರಿಂದ 75%ಕ್ಕೆ, ಹತ್ತನೆಯ ವರ್ಷಕ್ಕೆ 40%ಕ್ಕೆ ಇಳಿಯಬೇಕು. ನಿಮ್ಮ ಮಾಲನ್ನು ಬಾಂಡ್‌ನಿಂದ ಬಿಡಿಸಲು ಕಸ್ಟಮ್ಸ್‌ಗೆ ಬಿಲ್ ಆಫ್ ಎಂಟ್ರಿ ಸಲ್ಲಿಸುವ ದಿನ ಯಾವ ದರ ಜಾರಿಯಲ್ಲಿದೆಯೋ ಅದನ್ನೇ ಕಟ್ಟಬೇಕು. ಆರ್ಡರ್ ಕೊಟ್ಟ ದಿನದ್ದಲ್ಲ.

ಈ ವಾರ ಒಂದೇ ಕೆಲಸ ಮಾಡಿ. ಭಾವನಿಗೆ ಹೇಳಿ ಒಂದು ಬಾಟಲಿಯ ಮುಂದಿನ ಲೇಬಲ್, ಹಿಂದಿನ ಲೇಬಲ್, ಬುಡದ ಗಾಜು, ಮೂರರ ಫೋಟೋ ಹತ್ತಿರದಿಂದ ತೆಗೆಸಿ ಪತ್ರಿಕೆಯ ವಿಳಾಸಕ್ಕೆ ಕಳಿಸಿ. ನಾನೇ ನೋಡಿ ಹೇಳುತ್ತೇನೆ.